ಪ್ರಯೋಗಕ್ಕೆ ಮೈಯೊಡ್ಡಿದವರು

'ಪ್ರಯೋಗ' ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಮೂರು ಅರ್ಥಗಳುಂಟು. ದೇವದುರ್ಗ, ಮಾನ್ವಿಯ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ವಾಸಿಯಾಗದ ಬೇನೆ ಹತ್ತಿದರೆ 'ಯಾರೋ ಪ್ರಯೋಗ ಮಾಡಿಸ್ಯಾರ' ಎನ್ನುತ್ತಾರೆ. ಅಲ್ಲಿ ಅದು ಮಾಟ. ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಕಲಿಸುತ್ತೇವೆ. ಅಲ್ಲಿ ಅದು ವಾಕ್ಯದ ಕಟ್ಟು. ಕಾಲೇಜಿನ ವಿಜ್ಞಾನ ವಿಭಾಗದ ಬಾಗಿಲ ಮೇಲೆ 'ಪ್ರಯೋಗಶಾಲೆ' ಎಂದು ಹಲಗೆ ತೂಗುತ್ತದೆ. ಅಲ್ಲಿ ಅದು ಪರೀಕ್ಷೆ. ವೈದ್ಯರು ಮನುಷ್ಯನ ಮೈಮೇಲೆ ಔಷಧವನ್ನು ಪರೀಕ್ಷಿಸಿ ನೋಡುವ ಕಾರ್ಯಕ್ಕೆ ಮೂರನೆಯ ಅರ್ಥವೇ ತಕ್ಕುದು. ಆದರೂ ಮೈಯೊಡ್ಡಿದವನಿಗೆ ಯಾರೂ ಏನನ್ನೂ ತಿಳಿಸದಿದ್ದರೆ, ಅವನ ಪಾಲಿಗೆ ಅದು ಮೊದಲನೆಯ ಅರ್ಥದಲ್ಲಿಯೇ ಉಳಿಯುತ್ತದೆ. ಕರ್ಮಣಿ ಪ್ರಯೋಗದ ಮಾತಿಗೆ ಆಮೇಲೆ ಬರುತ್ತೇನೆ.

ಇಂಥ ಪರೀಕ್ಷೆಗಳನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳುವ ರೂಢಿಯಿದೆ. ಅದರಿಂದ ತಿಳಿದುಬಂದದ್ದು ನಿಜವೇ ಎಂಬುದು ಒಂದು. ಹಾಗೆ ಮಾಡಿದ್ದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಗಣಿತಜ್ಞರಿಗೂ ಎರಡನೆಯದನ್ನು ಧರ್ಮಜ್ಞರಿಗೂ ಬಿಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ನಮ್ಮ ನೆರೆಹೊರೆಯಲ್ಲೇ ನಡೆದ ಕೆಲವು ಸಂಗತಿಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಪ್ರಶ್ನೆಗಳು ಹಾಗೆ ಬೇರೆಬೇರೆಯಾಗಿ ನಿಲ್ಲುವುದಿಲ್ಲವೆಂದು ನನಗೆ ತೋರುತ್ತದೆ. ಮೈಯೊಡ್ಡಿದವರ ಅರಿವಿಗೆ ಬೆಲೆ ಕೊಡದೆಡೆ ಲೆಕ್ಕವೂ ಕೆಟ್ಟಿರುವುದೇ ಹೆಚ್ಚು. ಒಂದು ಕಡೆ ಮಾತ್ರ ಲೆಕ್ಕ ಅಚ್ಚುಕಟ್ಟಾಗಿದೆ; ಅಲ್ಲಿಯೇ ಮನಸ್ಸು ಹೆಚ್ಚು ಕಲಕುತ್ತದೆ.

ರಾಯಚೂರು 1948ರ ವರೆಗೂ ನಿಜಾಮರ ಆಳಿಕೆಯಲ್ಲಿತ್ತು. ಇಲ್ಲಿನವರಿಗೆ ದೊಡ್ಡ ಊರೆಂದರೆ ಹೈದರಾಬಾದು. ಅದರ ಮಗ್ಗುಲಲ್ಲಿ ದಂಡಿನ ಊರು ಸಿಕಂದರಾಬಾದು. ಮಲೇರಿಯಾ ಹರಡುವ ಬಗೆಯನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯ ಕೆಲಸ ಮಾಡಿದ್ದು ಅಲ್ಲಿ. ಅಲ್ಲಿ ಆತ ಎರಡು ವರ್ಷದ ಅಂತರದಲ್ಲಿ ಮಾಡಿದ ಎರಡು ಪ್ರಯೋಗಗಳನ್ನು ಜೊತೆಗಿಟ್ಟು ನೋಡಬೇಕು.

ಮೊದಲನೆಯದು 1895ರ ಮೇ ತಿಂಗಳಲ್ಲಿ ನಡೆದದ್ದು. ಲಂಡನ್ನಿನಲ್ಲಿದ್ದ ರಾಸನ ಗುರುಸಮಾನ ಪ್ಯಾಟ್ರಿಕ್ ಮ್ಯಾನ್ಸನ್ನನ ಊಹೆ ಹೀಗಿತ್ತು: ರೋಗಿಯ ರಕ್ತ ಹೀರಿದ ಸೊಳ್ಳೆ ನೀರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ, ಆ ನೀರನ್ನು ಕುಡಿದವನಿಗೆ ಮಲೇರಿಯಾ ಹತ್ತುತ್ತದೆ. ಇದನ್ನು ಪರೀಕ್ಷಿಸಲು ರಾಸ್ ಅಬ್ದುಲ್ ಖಾದಿರ್ ಎಂಬ ರೋಗಿಯ ರಕ್ತವನ್ನು ಸೊಳ್ಳೆಗಳಿಗೆ ಕುಡಿಸಿ, ಅವು ಸತ್ತ ನೀರನ್ನು ಲಕ್ಷ್ಮಣ ಎಂಬ ಸುಮಾರು ಇಪ್ಪತ್ತು ವಯಸ್ಸಿನ, ಯಾವ ರೋಗವೂ ಇಲ್ಲದ ಯುವಕನಿಗೆ ಕುಡಿಯಲು ಕೊಟ್ಟ. ಇಂಗ್ಲಿಷ್ ಪುಸ್ತಕಗಳಲ್ಲಿ ಈತ 'ಲಚ್‌ಮನ್' ಆಗಿದ್ದಾನೆ. ಹನ್ನೊಂದು ದಿನಗಳಾದ ಮೇಲೆ ಅವನಿಗೆ ಜ್ವರ ಬಂತು. ಕೆಲವು ದಿನಗಳಲ್ಲಿ ಇಳಿಯಿತು. ರಾಸ್ ಹಿಗ್ಗಿದ. ಲಾಭ ಬಹು ದೊಡ್ಡದು, ಮೇಲಾಗಿ ಕ್ವಿನೈನು ಕೈಯಲ್ಲೇ ಇದೆ, ಆದ್ದರಿಂದ ಈ ಪ್ರಯೋಗಕ್ಕೆ ತನಗೆ ಅಧಿಕಾರವುಂಟು ಎಂಬರ್ಥದಲ್ಲಿ ಆತ ಬರೆದುಕೊಂಡಿದ್ದಾನೆ. ಮಾಡಬಾರದ್ದೇನನ್ನೂ ಮಾಡಲಿಲ್ಲವೆಂದು ನಂಬಿದವನು ಹೀಗೆ ಸಮರ್ಥಿಸಿಕೊಳ್ಳಲು ಹೋಗುವುದಿಲ್ಲ. ಸಮರ್ಥನೆ ಬೇಕಾಯಿತೆಂದರೆ ಒಳಗೆ ಏನೋ ಚುಚ್ಚಿರಬೇಕು.

ಊಹೆಯೇ ತಪ್ಪಾಗಿತ್ತು. ನೀರು ಕುಡಿದರೆ ಮಲೇರಿಯಾ ಬರುವುದಿಲ್ಲ. ಲಕ್ಷ್ಮಣನ ಜ್ವರ ಬೇರೆ ಯಾವುದೋ ಜ್ವರ. ಇಲ್ಲವೆ ಬೇಸಗೆಯ ಆ ದಿನಗಳಲ್ಲಿ ಅವನನ್ನು ಕಚ್ಚಿದ ಬೇರೆ ಸೊಳ್ಳೆಯ ಕೆಲಸ. ಒಬ್ಬನೇ ಮನುಷ್ಯ, ಹೋಲಿಸಲು ಇನ್ನೊಬ್ಬನಿಲ್ಲ, ಜ್ವರ ಯಾರಿಗೂ ಬರಬಹುದಾದ ಊರು; ಇದರಿಂದ ಏನನ್ನು ತಿಳಿಯಲು ಸಾಧ್ಯ? ಇತರರಿಗೂ ಕುಡಿಸಿ ನೋಡಿದಾಗ ನಂಬತಕ್ಕ ಫಲ ದೊರೆಯಲಿಲ್ಲ. ಆರೋಗ್ಯವಂತನೊಬ್ಬನನ್ನು ರೋಗದ ಬಾಯಿಗೆ ಒಡ್ಡಿದ್ದರಿಂದ ಬಂದ ಲಾಭವೆಂದರೆ ಸುಳ್ಳು ನಂಬಿಕೆಯೊಂದು ಇನ್ನಷ್ಟು ದಿನ ಬದುಕಿದ್ದು.

ಎರಡನೆಯದು 1897ರ ಆಗಸ್ಟ್ 16ರಂದು ನಡೆದದ್ದು. ಈ ಸಲ ಮೈಯೊಡ್ಡಿದವನು ಹುಸೇನ್ ಖಾನ್. ಅವನಿಗೆ ಆಗಲೇ ಮಲೇರಿಯಾ ಇತ್ತು. ಮರಿಹುಳುವಿನಿಂದ ಸಾಕಿದ, ಹಿಂದೆ ಯಾರನ್ನೂ ಕಚ್ಚಿರದ ಸೊಳ್ಳೆಗಳನ್ನು ಅವನ ಪರದೆಯೊಳಗೆ ಬಿಟ್ಟರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯ ಲೆಕ್ಕ. ಹತ್ತು ಸೊಳ್ಳೆ ಕಚ್ಚಿದವು, ಹತ್ತಾಣೆ ಸಂದಿತು. ನಾಲ್ಕು ದಿನಗಳ ಮೇಲೆ, 20ನೆಯ ತಾರೀಖು, ಉಳಿದ ಸೊಳ್ಳೆಯೊಂದನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಕೋಶಗಳು ಕಂಡವು. ಮಲೇರಿಯಾದ ಗುಟ್ಟು ರಟ್ಟಾಯಿತು. 1898ರಲ್ಲಿ ಕಲಕತ್ತೆಯಲ್ಲಿ ರಾಸ್ ಕೆಲಸವನ್ನು ಮುಗಿಸಿದ್ದು ಹಕ್ಕಿಗಳ ಮೇಲೆ. 1902ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು.

ವೈದ್ಯನೂ ಊರೂ ಒಂದೇ. ಲಕ್ಷ್ಮಣನಿಗೆ ಅಪಾಯ ಹೆಚ್ಚು, ಅದರಿಂದ ಜ್ಞಾನ ಏನೂ ದಕ್ಕಲಿಲ್ಲ. ಹುಸೇನ್ ಖಾನನಿಗೆ ಹೊಸ ಅಪಾಯವೇ ಇಲ್ಲ. ಅವನ ರಕ್ತದಲ್ಲಿದ್ದುದನ್ನು ಸೊಳ್ಳೆಗಳು ಕೊಂಡೊಯ್ದವು, ಅವನಿಗೆ ಏನನ್ನೂ ಕೊಡಲಿಲ್ಲ. ಅದರಿಂದ ಬಂದದ್ದು ಶತಮಾನದ ದೊಡ್ಡ ಶೋಧಗಳಲ್ಲೊಂದು. ಮನುಷ್ಯರನ್ನು ಅಪಾಯಕ್ಕೊಡ್ಡದೆ ವಿದ್ಯೆ ಬೆಳೆಯದು ಎಂದು ವಾದಿಸುವವರು ಈ ಜೋಡಿಯನ್ನು ನೆನೆಯುವುದು ಒಳ್ಳೆಯದು. ಹತ್ತಾಣೆಯನ್ನು ಕುರಿತು ನನಗೇನೂ ತಕರಾರಿಲ್ಲ, ಕೂಲಿ ಕೂಲಿಯೇ. ಆದರೆ ಲಕ್ಷ್ಮಣನಂಥವರಿಗೆ ಕಾಸು ತೋರಿಸಿ ಪಡೆದ ಸಮ್ಮತಿಯನ್ನು ಸಮ್ಮತಿಯೆಂದು ಎಷ್ಟರಮಟ್ಟಿಗೆ ಕರೆಯಬಹುದೆಂಬ ಪ್ರಶ್ನೆ ಉಳಿಯುತ್ತದೆ.

ಇದೇ ವರ್ಷಗಳಲ್ಲಿ ಮುಂಬಯಿಯಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗವೊಂದು ಆರಂಭವಾಗಿತ್ತು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಬಡಾವಣೆಯಲ್ಲಿ ಡಾಕ್ಟರ್ ವೀಗಸ್ ಪ್ಲೇಗನ್ನು ಗುರುತಿಸಿದರು. ಬೇನೆ ರೈಲಿನ ದಾರಿ ಹಿಡಿದು ಒಳನಾಡಿಗೆ ಇಳಿಯಿತು. ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ 1871ರಲ್ಲಿ ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ ಎಂಬುದನ್ನು ನೆನೆದರೆ, ಮುಂಬಯಿಯ ಬೇನೆ ಈ ಭಾಗದವರಿಗೆ ಎಷ್ಟು ಹತ್ತಿರದ ಬೇನೆಯೆಂಬುದು ತಿಳಿದೀತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕಾಲ ಕಳೆದವರ ಮಾತುಗಳನ್ನು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನವರಂತೂ ಪ್ಲೇಗಮ್ಮನಿಗೆ ಗುಡಿಯನ್ನೇ ಕಟ್ಟಿದರು.

ಆ ಅಕ್ಟೋಬರಿನಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಎಂಬ ರಷ್ಯಾದ ಯಹೂದಿ ವಿಜ್ಞಾನಿ ಮುಂಬಯಿಗೆ ಬಂದ. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಸಣ್ಣ ಜಾಗವೊಂದನ್ನು ಕೊಟ್ಟರು. ಮೂರು ತಿಂಗಳಲ್ಲಿ ಪ್ಲೇಗಿನ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು, ಚುಚ್ಚುಮದ್ದು ಸಿದ್ಧಪಡಿಸಿದ. 1897ರ ಜನವರಿ 10ರಂದು ಅದನ್ನು ಮೊದಲು ಚುಚ್ಚಿಸಿಕೊಂಡವನು ತಾನೇ. ಅದೂ ಆಮೇಲೆ ಇತರರಿಗೆ ಕೊಟ್ಟ ಪ್ರಮಾಣದ ಮೂರು ನಾಲ್ಕು ಪಟ್ಟು. ಈ ಮನುಷ್ಯನನ್ನು ಕುರಿತು ಮುಂದೆ ನಾನು ಬರೆಯುವ ಆಕ್ಷೇಪಗಳನ್ನು ಓದುವಾಗ ಓದುಗರು ಇದನ್ನು ಮರೆಯಬಾರದು. ತನ್ನ ಮೈಯನ್ನು ಹಿಂದೆ ಇಟ್ಟುಕೊಂಡು ಪರರ ಮೈಯನ್ನು ಮುಂದೆ ಮಾಡಿದವನಲ್ಲ ಆತ.

ಆ ತಿಂಗಳ ಕೊನೆಗೆ ಬೈಕಳಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿತು. ಜನವರಿ 30ರಂದು ಸುಮಾರು ನೂರೈವತ್ತು ಕೈದಿಗಳು ಚುಚ್ಚಿಸಿಕೊಂಡರು. ಉಳಿದವರು, ಅದಕ್ಕಿಂತ ತುಸು ಹೆಚ್ಚು ಜನ, ಹಾಗೆಯೇ ಇದ್ದರು. ಮುಂದಿನ ದಿನಗಳಲ್ಲಿ ಚುಚ್ಚಿಸಿಕೊಳ್ಳದವರಲ್ಲಿ ಹನ್ನೆರಡು ಜನಕ್ಕೆ ಬೇನೆ ಬಂದು ಆರು ಜನ ಸತ್ತರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಬಂದು ಇಬ್ಬರೂ ಬದುಕಿದರು. ಚುಚ್ಚುವ ಹೊತ್ತಿಗೇ ಬೇನೆ ಹಿಡಿದಿದ್ದವರನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಸೆರೆಮನೆ ಲೆಕ್ಕಕ್ಕೆ ಅನುಕೂಲವಾದ ಜಾಗ: ಒಂದೇ ಸೂರು, ಒಂದೇ ಊಟ, ಯಾರೂ ಎಲ್ಲಿಗೂ ಹೋಗುವಂತಿಲ್ಲ. ಇದೇ ಕಾರಣದಿಂದ ಸಮ್ಮತಿಗೆ ಅದು ಅತ್ಯಂತ ಪ್ರತಿಕೂಲವಾದ ಜಾಗ. ಬಾಗಿಲಿಗೆ ಬೀಗವಿರುವಲ್ಲಿ 'ತಾವಾಗಿ ಮುಂದೆ ಬಂದರು' ಎಂಬ ಮಾತಿಗೆ ಎಷ್ಟು ತೂಕ?

ಇನ್ನು ಉಂಧೇರಾ. ಬಡೋದೆಗೆ ಆರು ಮೈಲಿ ದೂರದ ಈ ಹಳ್ಳಿಯ ಹೆಸರು ನಮ್ಮವರಿಗೆ ಪರಿಚಿತವಲ್ಲ. ಆದರೆ ವೈದ್ಯಕೀಯ ಪ್ರಯೋಗಗಳ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. 1898ರ ಫೆಬ್ರವರಿಯಲ್ಲಿ ಅಲ್ಲಿ ಪ್ಲೇಗು ಹಬ್ಬಿತ್ತು. ಹಾಫ್‌ಕಿನ್ ಅಧಿಕಾರಿಗಳೊಡನೆ ಹೋಗಿ, ಊರಿನ ಒಂದೊಂದು ಕುಟುಂಬವನ್ನೂ ಒಂದೆಡೆ ನಿಲ್ಲಿಸಿ, ವಯಸ್ಸು, ಗಂಡು ಹೆಣ್ಣು, ಮೈಕಟ್ಟು ಎಲ್ಲ ಸರಿದೂಗುವಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಚುಚ್ಚಿ ಇನ್ನೊಂದನ್ನು ಬಿಟ್ಟ. ಆರು ವಾರಗಳ ಬಳಿಕ ಅಧಿಕಾರಿಗಳ ತಂಡ ಹೋಗಿ ಎಣಿಸಿತು. ಪ್ಲೇಗು ಹೊಕ್ಕ ಇಪ್ಪತ್ತೆಂಟು ಕುಟುಂಬಗಳಲ್ಲಿ ಚುಚ್ಚಿಸಿಕೊಂಡವರು 71. ಬೇನೆ ಬಂದದ್ದು 8 ಜನಕ್ಕೆ, ಸತ್ತವರು 3. ಅದೇ ಕುಟುಂಬಗಳಲ್ಲಿ ಬಿಟ್ಟವರು 64. ಬೇನೆ ಬಂದದ್ದು 27 ಜನಕ್ಕೆ, ಸತ್ತವರು 26.

ಈ ಅಂಕಿಗಳನ್ನು ಯಾರೂ ಅಲುಗಾಡಿಸುವುದು ಕಷ್ಟ. ಒಂದೇ ಮನೆ, ಒಂದೇ ಒಲೆ, ಒಂದೇ ಇಲಿ. ಶ್ರೀಮಂತರು ಚುಚ್ಚಿಸಿಕೊಂಡರು, ಬಡವರು ಬಿಟ್ಟರು ಎನ್ನುವಂತಿಲ್ಲ. ಧೈರ್ಯಶಾಲಿಗಳು ಬಂದರು, ಅಂಜುಬುರುಕರು ಓಡಿದರು ಎನ್ನುವಂತೆಯೂ ಇಲ್ಲ. ಲೆಕ್ಕದ ದೃಷ್ಟಿಯಿಂದ ಆ ಕಾಲದ ಅತ್ಯುತ್ತಮ ಪ್ರಯೋಗವಿದು. ಆದರೆ ಬೈಕಳಾದ ಫಲ ಕೈಸೇರಿ ಆಗಲೇ ಒಂದು ವರ್ಷವಾಗಿತ್ತು. ಮದ್ದು ಕಾಪಾಡುತ್ತದೆಂದು ಹಾಫ್‌ಕಿನ್ ನಂಬಿದ್ದ; ನಂಬದೆ ಇದ್ದರೆ ಸಾವಿರಾರು ಜನರಿಗೆ ಚುಚ್ಚುತ್ತಿರಲಿಲ್ಲ. ಹಾಗೆ ನಂಬಿದವನು ಒಂದೇ ಮನೆಯ ಅಣ್ಣನಿಗೆ ಚುಚ್ಚಿ ತಮ್ಮನನ್ನು ಬಿಟ್ಟ. ನಂಬದಿದ್ದವರು ಸರಕಾರದಲ್ಲಿಯೂ ವೈದ್ಯರಲ್ಲಿಯೂ ಬಹು ಜನರಿದ್ದರು, ಅವರನ್ನು ಒಪ್ಪಿಸದೆ ಲಕ್ಷಾಂತರ ಜನಕ್ಕೆ ಮದ್ದು ಮುಟ್ಟುತ್ತಿರಲಿಲ್ಲ ಎಂಬುದು ಆತನ ಪರವಾದ ವಾದ. ಅದು ಹಗುರವಾದ ವಾದವಲ್ಲ. ಆ ಅರವತ್ತನಾಲ್ಕು ಜನ ಬಿಡಲ್ಪಟ್ಟದ್ದರಿಂದ ಆಮೇಲೆ ಎಷ್ಟೋ ಜನ ಉಳಿದಿರಬೇಕು. ಆದರೂ ಇದನ್ನು ಹೇಳುವ ಹಕ್ಕು ಯಾರಿಗೆ? ಆ ಅರವತ್ತನಾಲ್ವರಿಗೆ ಇತ್ತೇ ಹೊರತು ಎಣಿಸಿದವರಿಗಲ್ಲ. ಉಂಧೇರಾದ ಕೋಷ್ಟಕದಲ್ಲಿ ಜನ, ಬೇನೆ, ಸಾವು ಎಂಬ ಅಂಕಣಗಳಿವೆ. ಒಪ್ಪಿಗೆ ಎಂಬ ಅಂಕಣವಿಲ್ಲ.

ಇಂದಿನ ಪರೀಕ್ಷೆಗಳಲ್ಲಿಯೂ ಅರ್ಧ ಜನರನ್ನು ಬಿಡುವುದಿಲ್ಲವೇ ಎಂದು ಕೇಳಬಹುದು. ಬಿಡುತ್ತಾರೆ. 2020ರಲ್ಲಿ ಕೊವ್ಯಾಕ್ಸಿನ್ ಲಸಿಕೆಯ ಮೂರನೆಯ ಹಂತದ ಪರೀಕ್ಷೆ ಆರಂಭವಾದಾಗ ಸುಮಾರು 25,800 ಜನರಲ್ಲಿ ಅರ್ಧದಷ್ಟು ಜನಕ್ಕೆ ಹುಸಿಮದ್ದು ಸಂದಿತು. ವ್ಯತ್ಯಾಸವೇನೆಂದರೆ, ಹುಸಿಮದ್ದು ತನ್ನ ಪಾಲಿಗೆ ಬಂದೀತೆಂದು ತಿಳಿದು ಬರುವುದು ಇಂದಿನ ನಿಯಮ. ನಿಯಮವಿದ್ದರೂ, ಭೋಪಾಲಿನ ಬಡ ಬಡಾವಣೆಗಳ ಕೆಲವರು ತಾವು ಬಂದದ್ದು ಪರೀಕ್ಷೆಗೆಂದು ತಮಗೆ ಗೊತ್ತಿರಲಿಲ್ಲ, ಲಸಿಕೆ ಹಾಕುತ್ತಾರೆ, 750 ರೂಪಾಯಿ ಕೊಡುತ್ತಾರೆ ಎಂದಷ್ಟೇ ತಿಳಿದಿದ್ದೆವು ಎಂದು 2021ರ ಆರಂಭದಲ್ಲಿ ದೂರಿದರು. ಪರೀಕ್ಷೆ ನಡೆಸಿದವರು ಅದನ್ನು ಅಲ್ಲಗಳೆದರು. ಹುಸೇನ್ ಖಾನನ ಹತ್ತಾಣೆ ನೆನಪಾಗದೆ ಇರದು.

ಉಂಧೇರಾದಿಂದ ಕನ್ನಡ ನೆಲಕ್ಕೆ ಬರೋಣ. ಅದೇ 1898ರ ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿತ್ತು. ಆಗಿನ ಹುಬ್ಬಳ್ಳಿ ಸುಮಾರು ಐವತ್ತು ಸಾವಿರ ಜನರ ಊರು. ಲ್ಯೂಮನ್ ಎಂಬ ಸೈನ್ಯದ ವೈದ್ಯ ಮೇ ತಿಂಗಳಿಂದ ಸೆಪ್ಟೆಂಬರಿನ ವರೆಗೆ ಹತ್ತಾರು ಸಾವಿರ ಜನಕ್ಕೆ ಚುಚ್ಚಿದ. ಊರಿಗೆ ಊರೇ ಚುಚ್ಚಿಸಿಕೊಂಡಿತೆನ್ನುವಷ್ಟು. ಧಾರವಾಡ, ಗದಗಗಳಲ್ಲಿಯೂ ಇದು ನಡೆಯಿತು. ಇಂಡಿಯಾದಲ್ಲಿ ಅಲ್ಲಿಯ ವರೆಗೆ ಒಂದು ಪಟ್ಟಣ ಇಷ್ಟು ದೊಡ್ಡ ಪ್ರಮಾಣದಲ್ಲಿ ತೋಳೊಡ್ಡಿದ ಉದಾಹರಣೆ ವಿರಳ. ಪುಣೆಯಲ್ಲಿ ಪ್ಲೇಗ್ ಅಧಿಕಾರಿಗಳ ದಬ್ಬಾಳಿಕೆಯಿಂದ ರೊಚ್ಚಿಗೆದ್ದು 1897ರಲ್ಲಿ ರ್‍ಯಾಂಡನನ್ನು ಕೊಂದದ್ದಾಗಿತ್ತು. ಅಂಥ ಕಾಲದಲ್ಲಿ ಹುಬ್ಬಳ್ಳಿಯವರು ಸಾಲುಗಟ್ಟಿ ಬಂದದ್ದನ್ನು ಹಾಫ್‌ಕಿನ್ನನ ಅಭಿಮಾನಿಗಳು ವಿಜ್ಞಾನದ ವಿಜಯವೆಂದು ಕೊಂಡಾಡಿದರು.

ವಿಜಯದಲ್ಲಿ ಒಂದು ಪಾಲು ಚೀಟಿಗೂ ಸಲ್ಲಬೇಕು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಸರಕಾರಕ್ಕೆ ಅಪಾರ ಅಧಿಕಾರ ಕೊಟ್ಟಿತ್ತು. ಪ್ಲೇಗು ಬಂದ ಮನೆಯವರನ್ನು ಊರ ಹೊರಗಿನ ಠಾಣ್ಯಕ್ಕೆ ಸಾಗಿಸುವುದು, ಮನೆಯ ಹೆಂಚು ಕೀಳುವುದು, ಬಟ್ಟೆಬರೆ ಸುಡುವುದು, ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ತಡೆಯುವುದು ಎಲ್ಲವೂ ನಡೆದಿತ್ತು. ಚುಚ್ಚಿಸಿಕೊಂಡ ಚೀಟಿಯಿದ್ದವರಿಗೆ ಇವುಗಳಲ್ಲಿ ಕೆಲವಕ್ಕೆ ವಿನಾಯಿತಿ ದೊರೆಯುತ್ತಿತ್ತು. ಹೆಂಡತಿ ಮಕ್ಕಳನ್ನು ಠಾಣ್ಯಕ್ಕೆ ಕಳಿಸುವುದಕ್ಕಿಂತ ತೋಳಿಗೊಂದು ಸೂಜಿ ಚುಚ್ಚಿಸಿಕೊಳ್ಳುವುದು ಲೇಸೆಂದು ಎಣಿಸಿದವನನ್ನು ದಡ್ಡನೆನ್ನಲಾಗದು. ಹಾಗೆಂದು ಅವನು ಮದ್ದನ್ನು ಅರಿತು ಒಪ್ಪಿದನೆಂದೂ ಹೇಳಲಾಗದು. ಹಾಫ್‌ಕಿನ್ ಸ್ವತಃ ಬಲಾತ್ಕಾರಕ್ಕೆ ವಿರೋಧಿಯಾಗಿದ್ದ, ನಿಜ. ಆದರೆ ಸೂಜಿಯ ಬೆನ್ನಿಗೆ ಠಾಣ್ಯ ನಿಂತಿರುವಾಗ ಬಲಾತ್ಕಾರಕ್ಕೆ ಬೇರೆ ಕೈ ಬೇಕಾಗಿರಲಿಲ್ಲ.

ಈಗ ಲೆಕ್ಕ ನೋಡೋಣ. ಹುಬ್ಬಳ್ಳಿಯ ನೂಲಿನ ಗಿರಣಿಯೊಂದರ 1,173 ಜನರ ಅಂಕಿಗಳು ಪ್ರಕಟವಾದವು. ಎರಡು ಸಲ ಚುಚ್ಚಿಸಿಕೊಂಡವರು 1,040. ಅವರಲ್ಲಿ ಸತ್ತವರು 22. ಒಂದು ಸಲ ಚುಚ್ಚಿಸಿಕೊಂಡವರು 58, ಸತ್ತವರು 8. ಚುಚ್ಚಿಸಿಕೊಳ್ಳದವರು 75, ಸತ್ತವರು 20. ನೂರಕ್ಕೆ ಎರಡು, ನೂರಕ್ಕೆ ಹದಿನಾಲ್ಕು, ನೂರಕ್ಕೆ ಇಪ್ಪತ್ತೇಳು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ಸಂಖ್ಯೆಗಳನ್ನು ಕಂಡವರು ಬೆರಗಾಗುವುದು ಸಹಜ.

ಸ್ವಲ್ಪ ತಡೆದು ಯೋಚಿಸಬೇಕು. ಎರಡನೆಯ ಚುಚ್ಚುಮದ್ದು ಮೊದಲನೆಯದಾಗಿ ಕೆಲವು ದಿನಗಳ ಮೇಲೆ ಕೊಡುವಂಥದ್ದು. ಅದನ್ನು ಹಾಕಿಸಿಕೊಳ್ಳಲು ಬರುವವನು ಅಲ್ಲಿಯ ವರೆಗೆ ಬದುಕಿರಲೇಬೇಕಷ್ಟೆ. ನಡುವೆ ಸತ್ತವನು 'ಒಂದು ಸಲ'ದ ಪಟ್ಟಿಯಲ್ಲಿ ಉಳಿಯುತ್ತಾನೆ; ಸರದಿ ಬರುವ ಮೊದಲೇ ಸತ್ತವನು 'ಚುಚ್ಚಿಸಿಕೊಳ್ಳದವರ' ಪಟ್ಟಿಯಲ್ಲಿ. ಹೀಗೆ ಸಾವುಗಳು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ತಾವಾಗಿಯೇ ಜಾರುತ್ತವೆ. ಮದ್ದಿನ ಬದಲು ನೀರು ಚುಚ್ಚಿದ್ದರೂ ಈ ಜಾರುವಿಕೆ ಒಂದಿಷ್ಟು ಇದ್ದೇ ಇರುತ್ತಿತ್ತು. ಮೇಲಾಗಿ, ಗಿರಣಿಗೆ ಗಿರಣಿಯೇ ಚುಚ್ಚಿಸಿಕೊಂಡಾಗ ಹಿಂದುಳಿದ ಆ ಎಪ್ಪತ್ತೈದು ಜನ ಎಂಥವರು? ಹಾಸಿಗೆ ಹಿಡಿದವರೇ, ಮುದುಕರೇ, ಕೊಳಕು ಓಣಿಗಳವರೇ? ಅವರನ್ನು ಉಳಿದವರೊಡನೆ ತೂಗುವುದು ನ್ಯಾಯವಲ್ಲ. ಇನ್ನು ಪಟ್ಟಣದ ಮಟ್ಟದಲ್ಲಿ ನೋಡಿದರೆ, ಅರ್ಧ ಊರು ಗುಳೆ ಎದ್ದು ಹೋಗಿ ಮತ್ತೆ ಬರುತ್ತಿರುವಾಗ ಯಾವ ದಿನ ಎಷ್ಟು ಜನ ಇದ್ದರೆಂಬುದನ್ನು ಹೇಳುವವರು ಯಾರು? ಚೀಟಿಗೆ ಬೆಲೆ ಬಂದ ಊರಿನಲ್ಲಿ ಚೀಟಿಯ ಮೇಲಿನ ಹೆಸರೂ ಸೂಜಿ ಚುಚ್ಚಿದ ತೋಳೂ ಒಂದೇ ಎಂದು ನಂಬುವುದೂ ಕಷ್ಟ. ಜನ ಅರಿತು ಬಂದಿದ್ದರೆ ಹೆಸರು ಮರೆಸುವ, ಸಾವು ಮುಚ್ಚಿಡುವ ಕಾರಣವಿರುತ್ತಿರಲಿಲ್ಲ. ಅಂಜಿ ಬಂದವರಿಂದ ನಿಜವಾದ ಲೆಕ್ಕ ದೊರೆಯುವುದಿಲ್ಲ.

1898ರ ಕೊನೆಗೆ ಸರಕಾರ ನೇಮಿಸಿದ, ಫ್ರೇಸರ್ ಎಂಬ ವೈದ್ಯರ ಅಧ್ಯಕ್ಷತೆಯ ಪ್ಲೇಗ್ ಆಯೋಗ ಈ ಅಂಕಿಗಳನ್ನೆಲ್ಲ ಜಾಲಾಡಿತು. ಮದ್ದಿನಿಂದ ಪ್ರಯೋಜನವುಂಟು, ಆದರೆ ರಕ್ಷಣೆ ಪೂರ್ಣವಲ್ಲ ಎಂದು ಹೇಳಿತು. ಅಂಕಿಗಳನ್ನು ಎಚ್ಚರದಿಂದ ಓದಬೇಕೆಂದು ಕಟ್ಟುನಿಟ್ಟಾಗಿ ತೋರಿಸಿಕೊಟ್ಟಿತು. ಗ್ರೀನ್‌ವುಡ್ ಮತ್ತು ಯೂಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1915ರಲ್ಲಿ ವಿಷಮಶೀತಜ್ವರ, ಕಾಲರಾಗಳ ಚುಚ್ಚುಮದ್ದಿನ ಅಂಕಿಗಳನ್ನು ಒರೆಗೆ ಹಚ್ಚಿ, ಎರಡು ಗುಂಪುಗಳು ಎಲ್ಲ ಮುಖ್ಯ ಸಂಗತಿಗಳಲ್ಲಿಯೂ ಒಂದೇ ಬಗೆಯವಾಗಿರಬೇಕು, ರೋಗಕ್ಕೆ ಒಡ್ಡಿಕೊಂಡದ್ದು ಸಮನಾಗಿರಬೇಕು, ಚುಚ್ಚಿಸಿಕೊಂಡನೋ ಇಲ್ಲವೋ ಎಂಬುದನ್ನೂ ರೋಗ ಬಂತೋ ಇಲ್ಲವೋ ಎಂಬುದನ್ನೂ ಒಂದನ್ನು ನೋಡಿ ಇನ್ನೊಂದನ್ನು ಬರೆಯಬಾರದು ಎಂದು ವಿಧಿಸಿದರು. ಇದನ್ನು ಓದಿದಾಗ ಹುಬ್ಬಳ್ಳಿಯ ಗಿರಣಿಯನ್ನು ಕಣ್ಣೆದುರಿಗಿಟ್ಟುಕೊಂಡೇ ಬರೆದಂತೆ ನನಗೆ ಕಾಣುತ್ತದೆ.

ಹಾಫ್‌ಕಿನ್ನನ ಕಥೆಯ ಕಹಿ ಪ್ರಕರಣ ಪಂಜಾಬಿನದು. 1902ರ ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್‌ಕಿನ್ನನ ಪ್ರಯೋಗಶಾಲೆಯ ಮೇಲೆ ಹೊರಿಸಿ ಅವನನ್ನು ಕೆಲಸದಿಂದ ದೂರ ಮಾಡಿದರು. ಹಳ್ಳಿಯಲ್ಲಿ ಸೀಸೆ ತೆರೆದಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ದೋಷ ಅಲ್ಲಿಯದಿರಬೇಕು ಎಂದು ರೊನಾಲ್ಡ್ ರಾಸ್ ಮೊದಲಾದವರು ವಾದಿಸಿದರು; 1907ರಲ್ಲಿ ಕಳಂಕ ಕಳೆಯಿತು. 1925ರಲ್ಲಿ ಮುಂಬಯಿಯ ಸಂಸ್ಥೆಗೆ ಆತನ ಹೆಸರಿಟ್ಟರು. ಆತನಿಗಾದ ಅನ್ಯಾಯವನ್ನು ಕುರಿತು ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಸೀಸೆಗೂ ಇತಿಹಾಸದಲ್ಲಿ ಒಂದು ಗುರುತಿದೆ, 53-ಎನ್ ಎಂದು. ಸತ್ತವರ ಗುರುತು ಹತ್ತೊಂಬತ್ತು ಎಂಬ ಸಂಖ್ಯೆ.

ಆ ಕಾಲದ ಕೆಲಸಗಳನ್ನು ಈ ಕಾಲದ ಅಳತೆಗೋಲಿನಿಂದ ಅಳೆಯಬಾರದೆಂದು ಹೇಳುವವರಿದ್ದಾರೆ. ಅಳತೆಗೋಲು ಆಗಲೂ ಇತ್ತು. ಜರ್ಮನಿಯ ಬ್ರೆಸ್ಲೌ ನಗರದ ಪ್ರೊಫೆಸರ್ ನೈಸರ್ ಎಂಬಾತ ಉಪದಂಶ ರೋಗದ ರಸಿಕೆಯನ್ನು ಆಸ್ಪತ್ರೆಗೆ ಬಂದ ಹೆಂಗಸರಿಗೆ ಹೇಳದೆ ಕೇಳದೆ ಚುಚ್ಚಿದ್ದು ಬಯಲಾಗಿ ದೊಡ್ಡ ಗದ್ದಲವೆದ್ದದ್ದು, ಹುಬ್ಬಳ್ಳಿಯಲ್ಲಿ ಸೂಜಿ ಓಡಾಡುತ್ತಿದ್ದ ಆ 1898ನೆಯ ವರ್ಷದಲ್ಲಿಯೇ. ಆತನಿಗೆ ದಂಡ ಬಿತ್ತು. ಅರಿವು ಕೊಟ್ಟು ಒಪ್ಪಿಗೆ ಪಡೆಯದೆ ಇಂಥ ಕೆಲಸ ಕೂಡದೆಂದು 1900ರ ಡಿಸೆಂಬರಿನಲ್ಲಿ ಪ್ರಷ್ಯದ ಸರಕಾರ ಆಜ್ಞೆ ಹೊರಡಿಸಿತು. 1931ರಲ್ಲಿ ಜರ್ಮನಿಯಲ್ಲಿ ಇನ್ನೂ ವಿವರವಾದ ನಿಯಮಗಳಾದವು. ಅವು ಕಾಗದದಲ್ಲಿರುವಾಗಲೇ ನಾತ್ಸಿ ವೈದ್ಯರು ಬಂದಿಶಿಬಿರಗಳಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದರು. ಆಮೇಲಿನ ಸಂಗತಿಗಳು ಓದುಗರಿಗೆ ತಿಳಿದವೇ: 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ, ಅವುಗಳ ನಡುವೆಯೂ ನಿಲ್ಲದೆ 1932ರಿಂದ 1972ರ ವರೆಗೆ ಅಮೆರಿಕದ ಟಸ್ಕೀಗಿಯಲ್ಲಿ ಕರಿಯ ಜನರ ಉಪದಂಶಕ್ಕೆ ಔಷಧ ಕೊಡದೆ ನೋಡುತ್ತ ಕುಳಿತ ಪ್ರಕರಣ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮೊದಲ ಬಾರಿಗೆ ನೀತಿಸೂತ್ರಗಳನ್ನು ಹೊರತಂದದ್ದು 1980ರಲ್ಲಿ.

ಸೂತ್ರಗಳಾಗಿ ಮೂವತ್ತು ವರ್ಷಗಳ ಮೇಲೂ ಏನಾಗಬಹುದೆಂಬುದಕ್ಕೆ ಖಮ್ಮಂ ಸಾಕ್ಷಿ. ಖಮ್ಮಂ ಕೂಡ ನಮ್ಮಂತೆಯೇ ಹಳೆಯ ನಿಜಾಮ ಸಂಸ್ಥಾನದ ನೆಲ. 2009ರಲ್ಲಿ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಅಲ್ಲಿನ ಸುಮಾರು 14,000 ಹುಡುಗಿಯರಿಗೂ ಗುಜರಾತಿನ ವಡೋದರದ ಸುಮಾರು 10,000 ಹುಡುಗಿಯರಿಗೂ ಹಾಕಿದರು. ವಡೋದರವೆಂದರೆ ಅದೇ ಉಂಧೇರಾದ ಬಡೋದೆ. ಹುಡುಗಿಯರು ಹತ್ತರಿಂದ ಹದಿನಾಲ್ಕು ವಯಸ್ಸಿನವರು; ಖಮ್ಮಂನಲ್ಲಿ ಬಹು ಮಂದಿ ಗಿರಿಜನರ ಮಕ್ಕಳು, ವಸತಿಶಾಲೆಗಳಲ್ಲಿದ್ದವರು. ಪಾಥ್ ಎಂಬ ಅಮೆರಿಕದ ಸಂಸ್ಥೆಯೂ ಸಂಶೋಧನಾ ಮಂಡಲಿಯೂ ರಾಜ್ಯ ಸರಕಾರಗಳೂ ಸೇರಿ ನಡೆಸಿದ ಈ ಕೆಲಸಕ್ಕೆ 'ಪ್ರಯೋಗ' ಎಂಬ ಹೆಸರಿಡಲಿಲ್ಲ. 'ಪ್ರಾತ್ಯಕ್ಷಿಕೆ ಯೋಜನೆ' ಎಂದರು. ಹೆಸರು ಬದಲಾದರೆ ನಿಯಮದ ಭಾರವೂ ಇಳಿಯುತ್ತದೆ. ಏಳು ಹುಡುಗಿಯರ ಸಾವಿನ ಸುದ್ದಿ ಎದ್ದು 2010ರ ಏಪ್ರಿಲಿನಲ್ಲಿ ಕೆಲಸ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆ ಹೇಳಿತು; ಆ ಲಸಿಕೆ ಒಳ್ಳೆಯದೆಂಬುದನ್ನು ಇಂದು ಅನೇಕ ದೇಶಗಳ ಅನುಭವವೂ ಹೇಳುತ್ತದೆ.

ಒಪ್ಪಿಗೆ ಪತ್ರಗಳ ಸಂಗತಿಯೇ ಬೇರೆ. 2013ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ಕೊಟ್ಟ ವರದಿಯ ಪ್ರಕಾರ, ಆಂಧ್ರದ 9,543 ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟು. 2,763ಕ್ಕೆ ವಸತಿಶಾಲೆಯ ಮೇಲ್ವಿಚಾರಕರೋ ಮುಖ್ಯಾಧ್ಯಾಪಕರೋ ಹಾಕಿದ ರುಜು. ಮಕ್ಕಳ ತಾಯಿತಂದೆಗಳು ಬೇರೆ ಎಲ್ಲೋ ಇದ್ದರು. ಇದೇ ವರದಿ ಇನ್ನೊಂದು ದೋಷವನ್ನೂ ತೋರಿಸುತ್ತದೆ. ಲಸಿಕೆಯ ಬಳಿಕ ಹುಡುಗಿಯರಿಗೆ ಏನೇನಾಯಿತೆಂದು ಬರೆದಿಡುವ ಸರಿಯಾದ ಏರ್ಪಾಡೇ ಅಲ್ಲಿರಲಿಲ್ಲ. ಮಗುವಿನ ತಾಯಿಯನ್ನು ಕೇಳದೆ ಚುಚ್ಚಿದವರು, ಮಗುವಿಗೆ ಜ್ವರ ಬಂತೇ ಎಂದು ಆಮೇಲೆ ಆ ತಾಯಿಯನ್ನು ಕೇಳಲು ಹೋಗುವುದುಂಟೇ? ಒಪ್ಪಿಗೆ ಸಡಿಲವಾದಲ್ಲಿಯೇ ಲೆಕ್ಕವೂ ಸಡಿಲವಾಯಿತು. ಹುಬ್ಬಳ್ಳಿಯಲ್ಲಿ ಆದದ್ದು ನೂರಹನ್ನೊಂದು ವರ್ಷಗಳ ಮೇಲೆ ಮತ್ತೆ ಆಯಿತು.

ದೇವದುರ್ಗ, ಮಾನ್ವಿಗಳಲ್ಲಿಯೂ ತಾಯಿತಂದೆ ಬೆಂಗಳೂರು, ಪುಣೆಗಳಿಗೆ ಗುಳೆ ಹೋಗಿ, ಮಕ್ಕಳು ವಸತಿಶಾಲೆಯಲ್ಲೋ ಅಜ್ಜಿಯ ಮನೆಯಲ್ಲೋ ಉಳಿಯುವುದು ವರ್ಷವರ್ಷದ ಮಾತು. ರಾಯಚೂರು ಈಗ ವೈದ್ಯಕೀಯ ಕಾಲೇಜುಗಳ ಊರು. ಸರಕಾರಿ ಕಾಲೇಜೇ 2007ರಲ್ಲಿ ಬಂತು. ಈ ಹಳ್ಳಿಗಳ ಜನರ ಮುಂದೆ ಒಪ್ಪಿಗೆ ಪತ್ರ ಬರುವುದು ಇನ್ನು ಅಪರೂಪವಲ್ಲ. 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪರೀಕ್ಷಾ ನಿಯಮಗಳ ಪ್ರಕಾರ, ಓದಲು ಬಾರದವನಿದ್ದರೆ ನಿಷ್ಪಕ್ಷಪಾತಿಯಾದ ಸಾಕ್ಷಿ ಎದುರಿಗಿರಬೇಕು. ಪ್ರತಿ ನೀತಿ ಸಮಿತಿಯಲ್ಲಿಯೂ ವೈದ್ಯನಲ್ಲದ ಸಾಮಾನ್ಯ ಸದಸ್ಯನೊಬ್ಬನಿರಬೇಕು. ಆ ಸದಸ್ಯ ಬೇರೇನನ್ನೂ ಮಾಡದಿದ್ದರೂ, ಪತ್ರದ ಕನ್ನಡವನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು.

ಕರ್ಮಣಿ ಪ್ರಯೋಗದ ಮಾತು ಬಂತು. ಕನ್ನಡದ ಜಾಯಮಾನಕ್ಕೆ ಕರ್ಮಣಿ ಒಗ್ಗುವುದಿಲ್ಲವೆಂಬುದನ್ನು ಮಕ್ಕಳೂ ಬಲ್ಲರು. 'ರಾಮನಿಂದ ಹಣ್ಣು ತಿನ್ನಲ್ಪಟ್ಟಿತು' ಎಂದರೆ ತರಗತಿ ನಗುತ್ತದೆ. ಆದರೆ ಇಂಗ್ಲಿಷಿನಿಂದ ಇಳಿಸಿದ ಒಪ್ಪಿಗೆ ಪತ್ರಗಳ ಧಾಟಿ ಇದೇ: 'ನಿಮ್ಮಿಂದ ರಕ್ತದ ಮಾದರಿಯನ್ನು ಪಡೆಯಲಾಗುವುದು', 'ನಿಮ್ಮನ್ನು ಎರಡರಲ್ಲಿ ಒಂದು ಗುಂಪಿಗೆ ನಿಯೋಜಿಸಲಾಗುವುದು', 'ಅಡ್ಡಪರಿಣಾಮಗಳು ಕಂಡುಬಂದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು'. ಪಡೆಯುವವರು ಯಾರು, ನಿಯೋಜಿಸುವವರು ಯಾರು, ಕ್ರಮ ಕೈಗೊಳ್ಳಬೇಕಾದವರು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ನಾಳೆ ಏನಾದರೂ ಆದರೆ ಮಾನ್ವಿಯ ಹೆಂಗಸು ಯಾರ ಬಾಗಿಲಿಗೆ ಹೋಗಬೇಕೆಂಬುದನ್ನು ಆ ಕ್ರಿಯಾಪದದಲ್ಲಿ ಹುಡುಕಿ ತೆಗೆಯಲು ಕೇಶಿರಾಜನಿಂದಲೂ ಆಗದು.

ಕರ್ತರಿಯಲ್ಲಿ ಬರೆದರೆ ಏನಾಗುತ್ತದೆ, ನೋಡಿ. 'ಅವ್ವಾ, ನಾನು ಇಂಥ ಆಸ್ಪತ್ರೆಯ ಇಂಥ ಡಾಕ್ಟರು. ಈ ಮದ್ದು ನಿನ್ನ ಬೇನೆಯನ್ನು ವಾಸಿ ಮಾಡುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ಅದನ್ನು ತಿಳಿಯುವುದಕ್ಕೆಂದೇ ನಿನ್ನನ್ನು ಕೇಳುತ್ತಿದ್ದೇನೆ. ಅರ್ಧ ಜನಕ್ಕೆ ಮದ್ದು ಕೊಡುತ್ತೇನೆ, ಅರ್ಧ ಜನಕ್ಕೆ ಕೊಡುವುದಿಲ್ಲ. ನೀನು ಯಾವ ಪಾಲಿಗೆ ಬೀಳುತ್ತೀಯೆಂದು ನನಗೂ ತಿಳಿಯದು. ನೀನು ಒಲ್ಲೆ ಎಂದರೂ ನಿನಗೆ ಈಗ ಕೊಡುತ್ತಿರುವ ಔಷಧವನ್ನು ನಾನು ನಿಲ್ಲಿಸುವುದಿಲ್ಲ. ನಿನಗೆ ಏನಾದರೂ ಕೆಡುಕಾದರೆ ಹೊಣೆ ನನ್ನದು.' ಇದನ್ನು ಕೇಳಿ ದೇವದುರ್ಗದ ಮುದುಕಿಯೊಬ್ಬಳು ಒಲ್ಲೆ ಎಂದು ಎದ್ದು ಹೋಗಬಹುದು. ಡಾಕ್ಟರರ ಪಟ್ಟಿಯಲ್ಲಿ ಒಂದು ಹೆಸರು ಕಡಮೆಯಾಗುತ್ತದೆ. ಉಳಿದ ಹೆಸರುಗಳನ್ನು ಎಣಿಸಬಹುದು.